ಮೂವರು ಮುದುಕಿಯರು ಮತ್ತು ನಮ್ಮ ಭಾವ

ನನಗೆ ಒಂದು ಕಾದಂಬರಿಯ ಹುಚ್ಚಿದೆ. ಹುಚ್ಚು ಅನ್ನುವುದು ಮನೆಯವರ ಮಾತು. ನಾನು ಅದನ್ನು ಅಧ್ಯಯನ ಎಂದು ಕರೆಯುತ್ತೇನೆ.

ಇಂಗ್ಲಿಷಿನ ದಪ್ಪ ಪುಸ್ತಕ ಅದು. ಬೇರೊಂದು ಗ್ರಹದ ಕತೆ. ಆ ಗ್ರಹದ ಕಡಲು ಮೂರು ತಲೆಮಾರಿನ ಹಿಂದೆಯೇ ಬತ್ತಿ ಬರೀ ಉಪ್ಪಿನ ಬಯಲಾಗಿದೆ. ಆದರೂ ದಂಡೆಯ ಜನ ವರ್ಷಕ್ಕೊಂದು ಹೊಸ ದೋಣಿ ಕಟ್ಟುವುದನ್ನು ಬಿಟ್ಟಿಲ್ಲ. ಮುಂದೆ ನಿಂತು ಕಟ್ಟಿಸುವವಳು ಒಬ್ಬ ಮುದುಕಿ. ಈ ಮರುಳಾಟವನ್ನು ನಿಲ್ಲಿಸಲಿಕ್ಕೆ ರಾಜಧಾನಿಯಿಂದ ಒಬ್ಬ ಅಧಿಕಾರಿ ಬರುತ್ತಾನೆ. ಉಳಿದ ಐನೂರು ಪುಟ ಅವರಿಬ್ಬರ ಜಗಳ. ಮದುವೆಗೆ ಮುಂಚೆ ಒಮ್ಮೆ ಮುಂಬೈಯಲ್ಲಿದ್ದ ಅಕ್ಕನ ಮನೆಗೆ ಹೋಗಿದ್ದಾಗ ಫುಟ್‌ಪಾತಿನಲ್ಲಿ ಆ ಪುಸ್ತಕ ಕೊಂಡಿದ್ದೆ. ಅಕ್ಕನ ಗಂಡ, ಅಂದರೆ ನಮ್ಮ ಭಾವ, ಆಗ ಅಲ್ಲಿನ ಒಂದು ಹೋಟೆಲಿನಲ್ಲಿ ಅಡುಗೆಯವರು. ಪುಸ್ತಕದ ದಪ್ಪ ನೋಡಿ, "ಇಷ್ಟ್ ಓದಿದ್ರೆ ಎಂತ ಸಿಕ್ಕತ್ತ್?" ಎಂದು ಕೇಳಿದ್ದರು. ನಾನು ನಕ್ಕಿದ್ದೆ. ಈಗಲೂ ಉತ್ತರ ಸಿಕ್ಕಿಲ್ಲ.

ಈ ಕಾದಂಬರಿ ಮೂರು ಸಲ ತೆರೆಗೆ ಬಂದಿದೆ. ಕುಂದಾಪುರದಿಂದ ಬೈಂದೂರಿಗೆ ದಿನಾ ಬಸ್ಸಿನಲ್ಲಿ ಹೋಗಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ಒಬ್ಬ ಟೀಚರಿಗೆ ಮೂರೂ ರೂಪಗಳನ್ನು ಹುಡುಕಿ ನೋಡುವಷ್ಟು ಪುರುಸೊತ್ತು ಎಲ್ಲಿಂದ ಬಂತು ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಉತ್ತರಪತ್ರಿಕೆ ತಿದ್ದುವುದಕ್ಕಿಂತ ಅದು ಸುಲಭ ಎಂದು ನಾನು ಅವರಿಗೆ ಹೇಳುವುದಿಲ್ಲ.

ಮೊದಲನೆಯದು ನಾನು ಹುಟ್ಟುವ ಮುಂಚಿನ ಚಿತ್ರ. ಅದರಲ್ಲಿ ಅಧಿಕಾರಿಯ ಪಾತ್ರ ಆ ಕಾಲದ ಒಬ್ಬ ಚೆಲುವ ನಟನದ್ದು. ಅಷ್ಟು ಚೆಂದದ ಮನುಷ್ಯ ಸೋಲುವುದನ್ನು ಪ್ರೇಕ್ಷಕರು ಒಪ್ಪುವುದಿಲ್ಲವೆಂದು ಕತೆಯನ್ನೇ ಮಗುಚಿ ಹಾಕಿದ್ದಾರೆ. ಮುದುಕಿಯಾಗಿ ಮಾಡಿದವಳಿಗೆ ಮೂವತ್ತೈದು ದಾಟಿರಲಿಕ್ಕಿಲ್ಲ. ತಲೆಗೆ ಬಿಳಿ ಪುಡಿ ಹಾಕಿದ್ದಾರೆ. ಗಾಳಿಯ ದೃಶ್ಯದಲ್ಲಿ ಪುಡಿ ಹಾರಿ, ನೋಡನೋಡುತ್ತ ಹತ್ತು ವರ್ಷ ಚಿಕ್ಕವಳಾಗುತ್ತಾಳೆ. ಎರಡನೆಯದು ಟೀವಿಗೆ ಮಾಡಿದ ಆರು ಕಂತು. ಅದರ ಮುದುಕಿ ನಿಜವಾದ ಮುದುಕಿಯೇ, ನಾಟಕರಂಗದಲ್ಲಿ ಪಳಗಿದವಳು. ಎದುರಿಗಿರುವವನು ಎರಡೇ ಅಡಿ ದೂರದಲ್ಲಿದ್ದರೂ ಹಿಂದಿನ ಬೆಂಚಿನವರಿಗೆ ಕೇಳುವ ಹಾಗೆ ಮಾತಾಡುತ್ತಾಳೆ. ಮೂರನೆಯದು ಈಚಿನದು, ದುಡ್ಡು ಸುರಿದು ಗಲ್ಫಿನ ನಿಜವಾದ ಮರುಭೂಮಿಯಲ್ಲಿ ತೆಗೆದದ್ದು. ಅದು ಬಿಡುಗಡೆಯಾಗುವ ಎರಡು ವಾರ ಮುಂಚೆ ಉಪ್ಪುಂದದಿಂದ ಅಕ್ಕನ ಫೋನ್ ಬಂತು. ಮುಂಬೈ ಬಿಟ್ಟ ಮೇಲೆ ಅವರ ಮನೆ ಅಲ್ಲೇ. ಭಾವ ಮಾತ್ರ ಗಲ್ಫಿನಲ್ಲಿ ಒಂದು ಕೇಟರಿಂಗ್ ಕಂಪನಿಯ ಅಡುಗೆಮನೆ ನೋಡಿಕೊಳ್ಳುತ್ತಿದ್ದರು.

"ಹೆಣೆ, ನಿಂಗೊಂದ್ ಗುಟ್ ಹೇಳ್ಕ್" ಎಂದಳು ಅಕ್ಕ. "ನಿನ್ ಭಾವ ಸಿನೆಮಾದಗೆ ಪಾರ್ಟ್ ಮಾಡಿದ್ರ್."

"ಯಾವ ಸಿನೆಮಾ?"

"ಹೆಸ್ರ್ ನಂಗೆ ಬತ್ತಿಲ್ಲೆ. ಅದೇ, ನೀರಿಲ್ದಲ್ ದೋಣಿ ಕಟ್ಟುದ್ ಅಂಬ್ರ್."

ನಾನು ಎದ್ದು ನಿಂತೆ. ನನ್ನ ಕಾದಂಬರಿ. ಮೂವತ್ತು ವರ್ಷದಿಂದ ನಾನು ತಪಸ್ಸಿನ ಹಾಗೆ ಓದಿಕೊಂಡು ಬಂದ ಪುಸ್ತಕದ ಒಳಗೆ ಭಾವ ನನಗಿಂತ ಮುಂಚೆ, ಒಂದು ಪುಟವನ್ನೂ ಮಗುಚದೆ, ಹೋಗಿ ನಿಂತಿದ್ದಾರೆ.

ಆದದ್ದು ಇಷ್ಟು. ಶೂಟಿಂಗಿನವರಿಗೆ ಊಟ ಒದಗಿಸುವ ಕೆಲಸ ಭಾವನ ಕಂಪನಿಗೆ ಸಿಕ್ಕಿತ್ತು. ಒಂದು ದಿನ ಮುದುಕಿಯ ಹಿಂದೆ ನಿಲ್ಲಬೇಕಾದ ಗುಂಪಿನವರಲ್ಲಿ ಏಳು ಜನ ಬಿಸಿಲಿಗೆ ಮಲಗಿಬಿಟ್ಟರು. ಬೇರೆ ಜನ ಬರುವ ತನಕ ಕಾಯಲಿಕ್ಕಾಗದೆ ಅಡುಗೆಯವರನ್ನೇ ಕರೆದು, ಮೈಗೆ ನಿಲುವಂಗಿ ಹಾಕಿ, ಮುಖಕ್ಕೆ ಬಟ್ಟೆ ಸುತ್ತಿ, ಕೈಗೆ ದೋಣಿಯ ಒಂದೊಂದು ಹುಟ್ಟು ಕೊಟ್ಟು ನಿಲ್ಲಿಸಿದರು. ಚಿತ್ರ ಬರುವ ತನಕ ಯಾರಿಗೂ ಹೇಳಬಾರದೆಂದು ಸಹಿ ಮಾಡಿಸಿಕೊಂಡಿದ್ದರಂತೆ. ಭಾವ ಮನೆಗೆ ಮಾತ್ರ ಹೇಳಿದರು. ಮನೆಯಲ್ಲಿ ಭಾವನ ತಾಯಿ, ನಾನೂ ಅತ್ತೆ ಎಂದೇ ಕರೆಯುವವರು, ಪಕ್ಕದ ಮನೆಗೆ ಮಾತ್ರ ಹೇಳಿದರು. ಹೀಗೆ ಗುಟ್ಟು ಒಂದೂವರೆ ವರ್ಷ ಭದ್ರವಾಗಿ ಉಳಿಯಿತು. ಉಪ್ಪುಂದದಲ್ಲಿ ಅದು ಗೊತ್ತಿಲ್ಲದ ಮನೆ ಇರಲಿಲ್ಲ. ಗೊತ್ತಿಲ್ಲದವಳು ಕುಂದಾಪುರದಲ್ಲಿದ್ದ ನಾನೊಬ್ಬಳೇ.

ಚಿತ್ರ ಕುಂದಾಪುರದ ಥಿಯೇಟರಿಗೆ ನಾಲ್ಕೇ ದಿನ, ಬೆಳಗಿನ ಒಂದೇ ಆಟಕ್ಕೆ ಬಂತು. ನಾನು ಒಬ್ಬಳೇ ಹೋಗಿ ನೋಟ್ ಬುಕ್ಕು ಹಿಡಿದು ಕೂರಬೇಕೆಂದಿದ್ದೆ. ಉಪ್ಪುಂದದಿಂದ ಹನ್ನೊಂದು ಜನ ಬಂದರು. ಎಂಬತ್ತು ದಾಟಿದ ಅತ್ತೆ ಮದುವೆಯ ಧಾರೆಗೆ ಉಡುವ ಸೀರೆ ಉಟ್ಟಿದ್ದರು. ಪಕ್ಕದ ಮನೆಯ ಮೀನು ಮಾರುವ ಹೆಂಗಸು ಅವತ್ತಿನ ವ್ಯಾಪಾರ ಬಿಟ್ಟು ಬಂದಿದ್ದಳು. ನಮ್ಮ ಸಾಲಿನಲ್ಲಿ ಇಂಗ್ಲಿಷ್ ಬರುತ್ತಿದ್ದವಳು ನಾನೊಬ್ಬಳೇ ಆದ್ದರಿಂದ ಎಲ್ಲರ ಪ್ರಶ್ನೆಯೂ ನನಗೇ. ಪ್ರಶ್ನೆ ಒಂದೇ ಇತ್ತು.

"ಬಂದ್ರಾ?"

"ಇಲ್ಲ ಅತ್ತೆ, ಇನ್ನೂ ಇಲ್ಲ."

ತೆರೆಯ ಮೇಲೆ ಅಧಿಕಾರಿ ತನ್ನ ಜೀವನದ ದೊಡ್ಡ ಸುಳ್ಳನ್ನು ಒಪ್ಪಿಕೊಳ್ಳುತ್ತಿದ್ದ. ಕಾದಂಬರಿಯಲ್ಲಿ ನಾನು ಹತ್ತು ಸಲವಾದರೂ ಅತ್ತಿರುವ ಜಾಗ ಅದು.

"ಇವ ಯಾರ್? ಇವ ಅಡ್ಡ ನಿತ್ರೆ ನಮ್ಮ್ ಮಗ ಕಾಂಬುದ್ ಹ್ಯಾಂಗೆ?" ಎಂದರು ಅತ್ತೆ.

ಆ ದೃಶ್ಯ ಬಂದದ್ದು ಇಂಟರ್‌ವೆಲ್ ಆದ ಮೇಲೆ. ದೋಣಿಯ ಬೆನ್ನೆಲುಬಿನ ಮರವನ್ನು ಎತ್ತಿ ನಿಲ್ಲಿಸುತ್ತಾರೆ. ಮುದುಕಿ ಮುಂದೆ ನಿಂತಿದ್ದಾಳೆ. ಹಿಂದೆ ಸಾಲಾಗಿ ಏಳು ಜನ, ಕಣ್ಣಷ್ಟೇ ಕಾಣುವ ಹಾಗೆ ಬಟ್ಟೆ ಸುತ್ತಿಕೊಂಡು, ಹುಟ್ಟು ಹಿಡಿದು. ಹೆಚ್ಚೆಂದರೆ ಮೂರು ಸೆಕೆಂಡು.

"ಅಕಾಣ್! ಅಕಾಣ್ ನಮ್ಮ್ ಮಗ!" ಎಂದು ಅತ್ತೆ ಕೂಗಿದರು. ಮುಂದಿನ ಸಾಲಿನವರು ತಿರುಗಿ ನೋಡಿದರು. ಅಷ್ಟರಲ್ಲಿ ತೆರೆಯ ಮೇಲೆ ಬೇರೆ ಊರು ಬಂದಿತ್ತು.

ಹೊರಗೆ ಬಂದ ಮೇಲೆ ಗೊತ್ತಾಯಿತು, ಹನ್ನೊಂದು ಜನ ಕನಿಷ್ಠ ಐದು ಬೇರೆ ಬೇರೆ ಭಾವಂದಿರನ್ನು ನೋಡಿದ್ದಾರೆ ಎಂದು. ಎಡದಿಂದ ಮೂರನೆಯವನು ಎಂದರು ಅತ್ತೆ. ಒಂದು ಕಾಲಿನ ಮೇಲೆ ಭಾರ ಬಿಟ್ಟು ನಿಲ್ಲುವುದು ಹುಟ್ಟಿದಾಗಿನಿಂದ ಬಂದ ಅಭ್ಯಾಸವಂತೆ. ಮೀನು ಮಾರುವವಳು ಒಪ್ಪಲಿಲ್ಲ. "ಅಲ್ದೇ ಅಲ್ಲ. ಬಲ್ಗಡೆ ಕಡೆಯವ್ರ್. ಹುಟ್ಟ್ ಹಿಡುಕ್ ಗೊತ್ತಿಲ್ದೆ ಸೌಟ್ ಹಿಡ್ದಾಂಗೆ ಹಿಡ್ಕಂಡಿದ್ರ್, ಕಾಣ್ಲಿಲ್ಯಾ?" ಇದು ಒಳ್ಳೆಯ ವಾದ. ನಾನೂ ಅದಕ್ಕೇ ಓಟು ಹಾಕುವವಳಿದ್ದೆ. ಅಕ್ಕ ಮಾತ್ರ ಗಟ್ಟಿಯಾಗಿ, "ಅತ್ತೆ ಹೇಳದ್ದೇ ಸೈ. ಹೆತ್ತವ್ರಿಗ್ ಗೊತ್ತಾಗ್ದೆ ಇರತ್ತಾ?" ಎಂದು ಮಾತು ಮುಗಿಸಿ ಎಲ್ಲರನ್ನೂ ಜ್ಯೂಸ್ ಕುಡಿಯಲು ಕರೆದುಕೊಂಡು ಹೋದಳು.

ಇದಾಗಿ ತಿಂಗಳಿಗೆ ಬ್ರಹ್ಮಾವರದ ಓದುಗರ ಬಳಗದಿಂದ ನನಗೆ ಕರೆ ಬಂತು. ಪ್ರತಿ ತಿಂಗಳ ಕೊನೆಯ ಭಾನುವಾರ ಒಂದು ಶಾಲೆಯ ಕೋಣೆಯಲ್ಲಿ ಸೇರುವ ಬಳಗ ಅದು. ಅಧ್ಯಕ್ಷರು ನಿವೃತ್ತ ಹೆಡ್‌ಮಾಸ್ಟರು. ಹದಿನೈದು ಜನ ಸೇರಿದರೆ ಮರುದಿನದ ತನಕ ಸಂತೋಷವಾಗಿರುತ್ತಾರೆ. ನಿಮ್ಮ ಆ ಕಾದಂಬರಿಯ ಮೂರು ರೂಪಗಳ ಪಾತ್ರವರ್ಗವನ್ನು ಹೋಲಿಸಿ ಮಾತಾಡಿ ಎಂದರು. ಜೀವಮಾನದಲ್ಲಿ ಮೊದಲ ಸಲ ಯಾರೋ ನನ್ನನ್ನು ಈ ವಿಷಯದಲ್ಲಿ ಮಾತಾಡಿ ಎಂದು ಕೇಳಿದ್ದರು. ಮನೆಯಲ್ಲಿ ಎಲ್ಲರೂ ಕೇಳುತ್ತಿದ್ದದ್ದು ಮಾತು ನಿಲ್ಲಿಸು ಎಂದು. ನಾನು ಹದಿನಾರು ಪುಟ ಬರೆದೆ.

ಅಕ್ಕನಿಗೆ ಹೇಳಬಾರದಿತ್ತು. ಹೇಳಿದೆ.

"ಮೂರ್ನೇದ್ರಗೆ ಭಾವನ್ ಹೆಸ್ರ್ ಹೇಳ್ತೆ ಅಲ್ದಾ?"

"ಅಕ್ಕ, ಅದ್ ವಿಮರ್ಶೆ. ಮುಖ್ಯ ಪಾತ್ರದವರ ಬಗ್ಗೆ ಮಾತ್ರ ಹೇಳುದ್."

"ಆ ಊರ್ ಹೆಸ್ರಿಲ್ದ್ ಮುದ್ಕಿ ಬಗ್ಗೆ ಗಂಟೆಗಟ್ಲೆ ಮಾತಾಡೂಕಾತ್ತ್. ಸ್ವಂತ ಭಾವನ್ ಬಗ್ಗೆ ಒಂದ್ ಮಾತ್ ಹೇಳೂಕಾತಿಲ್ಯಾ ನಿಂಗೆ?"

ವಿಮರ್ಶೆಗೆ ಒಂದು ಶಿಸ್ತಿದೆ ಎಂದು ನಾನು ವಿವರಿಸಿದೆ. ಅಕ್ಕ ಫೋನ್ ಇಟ್ಟಳು. ವಿವರಣೆ ಅರ್ಥವಾಗಿದೆ ಎಂದುಕೊಂಡೆ.

ಭಾನುವಾರ ಮಧ್ಯಾಹ್ನ ಶಾಲೆಯ ಅಂಗಳಕ್ಕೆ ಉಪ್ಪುಂದದಿಂದ ಒಂದು ಟೆಂಪೋ ಬಂದು ನಿಂತಿತು. ಕೊಕ್ಕರ್ಣೆಯಲ್ಲಿರುವ ಭಾವನ ತಂಗಿಯ ಮನೆಯವರು ಎರಡು ರಿಕ್ಷಾ ಮಾಡಿಕೊಂಡು ಬಂದರು. ಶಿರೂರಿನಿಂದ ಯಾರೋ ದೂರದ ನೆಂಟರು. ಬಳಗದವರು ಪಕ್ಕದ ಕೋಣೆಯಿಂದ ಬೆಂಚು ಎಳೆದು ತಂದರು. ಹೆಡ್‌ಮಾಸ್ಟರ ಕಣ್ಣಲ್ಲಿ ನೀರು ತುಂಬಿತ್ತು. "ಜನಕ್ಕೆ ಸಾಹಿತ್ಯ ಬೇಡ ಎನ್ನುವವರು ಇಲ್ಲಿ ಬಂದು ನೋಡಬೇಕು" ಎಂದು ಸ್ವಾಗತ ಭಾಷಣದಲ್ಲಿ ಹೇಳಿದರು. ಮುಂದಿನ ಬೆಂಚಿನಲ್ಲಿ ಕೂತಿದ್ದ ಅತ್ತೆ ಗಂಭೀರವಾಗಿ ತಲೆಯಾಡಿಸಿದರು.

ನಾನು ಮಾತು ಶುರು ಮಾಡಿದೆ. ಮೊದಲ ಮುದುಕಿಯ ಪುಡಿ ಹಾರುವ ಸಂಗತಿಗೆ ಜನ ನಕ್ಕರು. ಎರಡನೇ ಮುದುಕಿಯ ದನಿಯನ್ನು ಅನುಕರಿಸಿದೆ, ಅದಕ್ಕೂ ನಕ್ಕರು. ಧೈರ್ಯ ಬಂತು. ಮೂರನೇ ಮುದುಕಿಗೆ ಬಂದಾಗ ದನಿ ಇಳಿಸಿದೆ. ಬಳಗದ ಪರದೆಯ ಮೇಲೆ ಅವಳ ಚಿತ್ರ ಹಾಕಿಸಿದ್ದೆ: ಒಳಗೆ ಹೋದ ಕೆನ್ನೆ, ಗುಳಿಬಿದ್ದ ಕಣ್ಣು, ಒಣಗಿದ ತುಟಿ.

"ಹಸಿದವರ ಹಾಗೆ ನಟಿಸುವುದು ಬೇರೆ. ಈ ನಟಿ ಪಾತ್ರಕ್ಕಾಗಿ ತನ್ನ ದೇಹವನ್ನೇ ಒಣಗಿಸಿಕೊಂಡಿದ್ದಾಳೆ. ಕಡಲು ಬತ್ತಿದ್ದು ಈ ಮುಖದಲ್ಲಿ ಕಾಣುತ್ತದೆ" ಎಂದೆ.

ಹೆಡ್‌ಮಾಸ್ಟರು "ಆಹಾ" ಎಂದರು. ನನಗೂ ಹಾಗೇ ಅನ್ನಿಸಿತು. ಹದಿನಾರು ಪುಟಗಳಲ್ಲಿ ಆ ಮಾತಿಗಾಗಿ ನಾನು ಮೂರು ದಿನ ಕೂತಿದ್ದೆ.

ಮಾತು ಮುಗಿಸಿ ಕೂತೆ. ಭಾವನ ಸುದ್ದಿ ಎತ್ತಲಿಲ್ಲ. ಉಪ್ಪುಂದ ಮತ್ತು ಕೊಕ್ಕರ್ಣೆಯ ಬೆಂಚುಗಳಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ಅಕ್ಕ ನನ್ನನ್ನು ಬಿಟ್ಟು ಕಿಟಕಿಯ ಕಡೆ ನೋಡುತ್ತಿದ್ದಳು. ಪ್ರಶ್ನೆಗಳಿದ್ದರೆ ಕೇಳಬಹುದು ಎಂದು ಹೆಡ್‌ಮಾಸ್ಟರು ಹೇಳಿದ ಕೂಡಲೇ ಅತ್ತೆ ಎದ್ದು ನಿಂತರು. ಅಕ್ಕ ಸೆರಗು ಎಳೆದರೂ ಕೂರಲಿಲ್ಲ.

"ಎಲ್ಲಾ ಲಾಯ್ಕ್ ಹೇಳ್ದೆ ಮಗಾ. ನಂದೊಂದ್ ಪ್ರಶ್ನೆ. ಮೊದ್ಲಿನ್ ಸಿನೆಮಾದಗೆ ನಮ್ಮ್ ಮಗನ ಪಾರ್ಟ್ ಯಾರ್ ಮಾಡಿದ್ದ್?"

ಬಳಗದ ಹದಿನೈದು ಜನಕ್ಕೆ ಏನೂ ತಿಳಿಯಲಿಲ್ಲ. ಉಳಿದ ನಲವತ್ತು ಜನ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಮೊದಲಿನ ಎರಡು ರೂಪಗಳನ್ನು ಅಷ್ಟು ಸಲ ನೋಡಿದ್ದ ನನಗೆ ಅವುಗಳಲ್ಲಿ ಮುದುಕಿಯ ಹಿಂದೆ ಯಾರು ನಿಂತಿದ್ದಾರೆ ಎಂದು ನೋಡುವ ಯೋಚನೆ ಯಾವತ್ತೂ ಬಂದಿರಲಿಲ್ಲ. ನೆನಪು ಕೆದಕಿದೆ.

"ಯಾರೂ ಮಾಡಿಲ್ಲ ಅತ್ತೆ" ಎಂದೆ. "ಮೊದಲಿನದ್ರಲ್ಲಿ ಹಿಂದೆ ಬರೀ ಬಣ್ಣದ ಪರದೆ. ಎರಡನೆಯದ್ರಲ್ಲಿ ಜನ ಇದ್ದಾರೆ, ಆದರೆ ಅದ್ರಲ್ಲಿ ಇಬ್ಬರು ರಟ್ಟಿನವರು. ಹುಟ್ಟು ಹಿಡಿದು ನಿಜವಾದ ಜನ ನಿಂತದ್ದು ಮೂರನೆಯದ್ರಲ್ಲಿ ಮಾತ್ರ. ಎಡದಿಂದ ಮೂರನೆಯವರು ನಮ್ಮ ಭಾವ."

ಆಗ ಬಿದ್ದಂಥ ಚಪ್ಪಾಳೆ ಆ ಬಳಗದ ಇತಿಹಾಸದಲ್ಲಿ ಹಿಂದೆಂದೂ ಬಿದ್ದಿರಲಿಕ್ಕಿಲ್ಲ. ಹೆಡ್‌ಮಾಸ್ಟರು ಬಂದು ನನ್ನ ಕೈ ಹಿಡಿದು, "ಈ ವಿಷಯ ಮೊದಲೇ ಹೇಳಬಾರದಿತ್ತೇ? ಬರೆದು ಕೊಡಿ, ವಾರ್ಷಿಕ ಸಂಚಿಕೆಯಲ್ಲಿ ಹಾಕುವ" ಎಂದರು. ಬರೆದು ಕೊಟ್ಟೆ. ಎಡದಿಂದ ಮೂರನೆಯವರು ಎನ್ನುವ ವಾಕ್ಯವನ್ನೂ ಸೇರಿಸಿದೆ. ವಿಮರ್ಶೆಯ ಶಿಸ್ತಿನ ಬಗ್ಗೆ ಮತ್ತೆ ಅಕ್ಕನ ಹತ್ತಿರ ಮಾತಾಡಲಿಲ್ಲ.

ಸಂಚಿಕೆ ಬಂದ ಸಮಯಕ್ಕೆ ಸರಿಯಾಗಿ ಭಾವ ರಜೆಯ ಮೇಲೆ ಊರಿಗೆ ಬಂದರು. ನಾನು ಎರಡು ಪ್ರತಿ ಹಿಡಿದುಕೊಂಡು ಉಪ್ಪುಂದಕ್ಕೆ ಹೋದೆ. ಅತ್ತೆ ಆ ಪುಟವನ್ನು ನನ್ನ ಕೈಯಲ್ಲಿ ಎರಡು ಸಲ ಓದಿಸಿದರು. ಭಾವ ಜಗಲಿಯ ಕಂಬಕ್ಕೆ ಒರಗಿ ಕೇಳಿಸಿಕೊಂಡರು. ಮೂವತ್ತು ವರ್ಷ ಬೇರೆಯವರಿಗೆ ಅಡುಗೆ ಮಾಡಿದ ಆ ಮನುಷ್ಯ ಊರಿಗೆ ಬಂದರೆ ಒಲೆಯ ಕಡೆ ತಲೆ ಹಾಕುವುದಿಲ್ಲ. ಮೀನು ತರುವುದಷ್ಟೇ ಅವರ ಪಾಲಿನ ಕೆಲಸ. ಓದು ಮುಗಿದ ಕೂಡಲೇ ಎದ್ದು, "ಬಾ, ಕಡಲ್ ಬದಿಗ್ ಹೋಯಿ ಮೀನ್ ತಪ್ಪ" ಎಂದು ನನ್ನನ್ನು ಕರೆದರು.

ಮನೆಯಿಂದ ಸ್ವಲ್ಪ ದೂರ ಬಂದ ಮೇಲೆ ನಿಂತರು.

"ಒಂದ್ ಮಾತ್ ಹೇಳ್ತೆ. ಬೇಜಾರ್ ಮಾಡ್ಬೇಡ. ಅದ್ರಗೆ ನಾನಿಲ್ಲೆ."

"ಎಂತ ಭಾವ?"

"ನಾವ್ ನಿತ್ತದ್ ಹೌದ್. ಬೆಳಿಗ್ಗಿಂದ ಮಧ್ಯಾಹ್ನದ್ ವರೆಗೆ ನಿತ್ತಿತ್. ಅದ್ ಅವ್ರಿಗೆ ಸೈ ಆಯ್ಲಿಲ್ಲ ಅಂಬ್ರ್. ಮಲ್ಗಿದ್ ಏಳ್ ಜನ ಮರ್ದಿನ ಎದ್ ಬಂದ್ರ್. ಅವ್ರನ್ನ ನಿಲ್ಸಿ ಮತ್ತೆ ತೆಗ್ದ್ರ್. ಆಗ ನಾನ್ ಡೇರೆಯಗೆ ಬೇಳೆ ಬೇಯ್ಸ್ತಾ ಇದ್ದೆ."

ಕುಂದಾಪುರದ ಥಿಯೇಟರ್, ಟೆಂಪೋ, ಎಳೆದು ತಂದ ಬೆಂಚುಗಳು, ಅಚ್ಚಾದ ವಾಕ್ಯ, ಎಲ್ಲ ಒಟ್ಟಿಗೆ ನೆನಪಾಯಿತು. "ಹಾಗಾದ್ರೆ ಎಡದಿಂದ ಮೂರನೆಯವ ಯಾರು?"

"ಯಾರಿಗ್ ಗೊತ್ತ್ ಮಾರಾಯ್ತಿ? ಯಾರೋ ಪಾಪದವ."

ಮನೆಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಹೇಳಿದ್ದೇನೆ, ಮರುದಿನವೇ ನಿನ್ನ ಅಕ್ಕನಿಗೆ ಫೋನ್ ಮಾಡಿ ಹೇಳಿದ್ದೇನೆ ಎಂದರು. "ಅವ್ಳೇ ಹೇಳದ್ದ್, ಅಮ್ಮನಿಗ್ ಈಗ ಹೇಳ್ಬೇಡಿ ಅಂದೇಳಿ."

ದಡದಲ್ಲಿ ದೋಣಿಗಳನ್ನು ಮೇಲಕ್ಕೆ ಎಳೆದಿದ್ದರು. ಭಾವ ಬಂಗುಡೆ ಆರಿಸುತ್ತ ನನ್ನ ಲೇಖನದ ಬಗ್ಗೆ ಇನ್ನೊಂದು ಮಾತು ಕೇಳಿದರು. ಇದಕ್ಕೆ ಪೀಠಿಕೆ ಇರಲಿಲ್ಲ.

"ಆ ಮುದ್ಕಿ ಪಾರ್ಟಿನವ್ರ್ ಪಾತ್ರಕ್ಕೆ ಒಣ್ಗದ್ದ್ ಅಂದೇಳಿ ಬರ್ದಿದ್ಯಲೆ, ಅದ್ ನಿಂಗ್ ಯಾರ್ ಹೇಳದ್ದ್?"

"ಯಾರೂ ಹೇಳಿದ್ದಲ್ಲ. ಮುಖ ನೋಡಿದರೆ ಗೊತ್ತಾಗ್ತದೆ."

ಭಾವ ಮೀನು ಬಿಟ್ಟು ನನ್ನನ್ನು ನೋಡಿದರು. "ಅವ್ರಿಗ್ ಹೊಟ್ಟೆ ಕೆಟ್ಟಿತ್ತ್. ಎಂಟ್ ದಿನ. ಹೊರ್ಗೆ ಎಲ್ಲಿಯೋ ಎಂತದೋ ತಿಂದ್ ಬಂದಿದ್ರ್. ನಮ್ಮ್ ಅಡ್ಗೆ ಅಲ್ಲ, ಅದ್ ಸಮಾ ಬರ್ಕೊ. ಡಾಕ್ಟ್ರ್ ಗಟ್ಟಿ ಎಂತದೂ ಕೊಡ್ಬೇಡಿ ಅಂದ್ರ್. ನಾನ್ ಕುಚ್ಚಕ್ಕಿ ಗಂಜಿ ಮಾಡಿ, ತಿಳಿ ಬಗ್ಸಿ, ಉಪ್ಪ್ ಹಾಕಿ ಕೊಟ್ಟೆ. ಎಂಟ್ ದಿನ ಅದೇ ಕುಡ್ದದ್ದ್. ಮೊದ್ಲ್ ದಿನ ಮೂಗ್ ಮುರ್ದ್ರ್. ಕಡೆಗ್ ಕಡೆಗ್ ಅವ್ರೇ ಕೇಳೂಕ್ ಶುರು ಮಾಡಿದ್ರ್."

ದೋಣಿಯ ದೃಶ್ಯ ತೆಗೆದದ್ದು ಯಾವಾಗ ಎಂದು ಕೇಳಿದೆ. ಆರನೆಯದೋ ಏಳನೆಯದೋ ದಿನ ಎಂದರು. ಪಾಪ, ನಿಲ್ಲಲಿಕ್ಕೂ ಆಗುತ್ತಿರಲಿಲ್ಲ, ಇಬ್ಬರು ಹಿಡಿದುಕೊಂಡು ಬಂದು ನಿಲ್ಲಿಸುತ್ತಿದ್ದರಂತೆ. ಆ ನಿಲುವಿನ ಬಗ್ಗೆ ನಾನು ಒಂದೂವರೆ ಪುಟ ಬರೆದಿದ್ದೆ. ಕಡಲಿನ ಕಡೆಗೆ ಬಾಗಿದ ಬೆನ್ನು, ಸೋಲದ ಛಲ, ಇತ್ಯಾದಿ.

ನನಗೆ ನಗು ಬಂತು, ಆಮೇಲೆ ಮುಖ ಬಿಸಿಯಾಯಿತು. ಭಾವನಿಗೆ ಇದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ. ನನ್ನ ಲೇಖನ ತಪ್ಪು ಎಂದೂ ಅವರು ಹೇಳಲಿಲ್ಲ. ಆ ಹೆಂಗಸು ಹೊರಡುವ ದಿನ ಅಡುಗೆ ಡೇರೆಯ ತನಕ ನಡೆದು ಬಂದು ಕೈ ಮುಗಿದರು, ನಮ್ಮ ಹಾಗೆ ಕೈ ಮುಗಿಯುವುದನ್ನು ಯಾರನ್ನೋ ಕೇಳಿ ಕಲಿತಿದ್ದರು ಎಂದಷ್ಟೇ ಹೇಳಿದರು. ಆಮೇಲೆ ಬಂಗುಡೆಯ ಕಿವಿರು ಎತ್ತಿ ನೋಡಿ, ಇದು ನಿನ್ನೆಯದು ಎಂದು ದಡದ ಮೀನಿನವಳೊಬ್ಬಳ ಜೊತೆ ತಕರಾರು ತೆಗೆದರು.

ಮನೆಗೆ ಬಂದಾಗ ಅಕ್ಕ ಹಿತ್ತಿಲಲ್ಲಿ ಕತ್ತಿಮಣೆ ಇಟ್ಟುಕೊಂಡು ಕಾಯುತ್ತಿದ್ದಳು. ಮೀನಿನ ಚೀಲ ತೆಗೆದುಕೊಳ್ಳುತ್ತ ನನ್ನ ಮುಖ ನೋಡಿದಳು.

"ಹೇಳಿದ್ರಾ?"

"ಹೇಳಿದ್ರ್. ನಿಂಗೆ ಗೊತ್ತಿದ್ದೂ ನನ್ನ ಕೈಯಲ್ಲಿ ಹೇಳಿಸಿದ್ಯಲ್ಲ ಅಕ್ಕ. ಅಚ್ಚು ಬೇರೆ ಆಯ್ತು."

ಅಕ್ಕ ಒಂದು ಬಂಗುಡೆಯ ತಲೆ ಕೊಯ್ದು ಬದಿಗಿಟ್ಟಳು. "ಅತ್ತೆ ಆ ದಿನ ಫೋನಲ್ ಕೇಳ್ಕಂಡ್ ಇಡೀ ಕೇರಿಗ್ ಹೇಳ್ಕಂಡ್ ಬಂದಿದ್ರ್. ಮಗ ಮೂವತ್ತ್ ವರ್ಷದಿಂದ ಅಡ್ಗೆಮನೆಯಗೆ. ಹೊರ್ಗ್ ಬಂದದ್ದ್ ಒಂದ್ ಸಲ. ಮರ್ದಿನ ಹೋಯಿ ಅಲ್ಲ ಅಂಬುಕೆ ನಂಗೆ ಬಾಯಿ ಬರ್ಲಿಲ್ಲ. ನಿಂಗ್ ಫೋನ್ ಮಾಡಿ ಹೇಳ್ ಅಂದದ್ದೂ ಅವ್ರೇ. ಸಿನೆಮಾ ಬಂದ ಮೇಲೆ ಮುಖ ಕಾಣದಿದ್ರೆ ತಾನಾಗಿ ತಣ್ಣಗಾತ್ತ್ ಅಂದ್ಕಂಡಿದ್ದೆ. ಅವ್ರಿಗ್ ಕಂಡೇ ಬಿಡ್ತ್."

"ನಂಗಾದ್ರೂ ಹೇಳಬಹುದಿತ್ತು."

"ನಿಂಗ್ ಹೇಳಿದ್ರೆ ನೀನ್ ವಿಮರ್ಶೆ ಮಾಡ್ತಿದ್ದೆ."

ಒಳಗಿನಿಂದ ಅತ್ತೆಯ ದನಿ ಕೇಳುತ್ತಿತ್ತು. ಸಂಚಿಕೆಯನ್ನು ಪಕ್ಕದ ಮನೆಯ ಮೀನು ಮಾರುವವಳಿಗೆ ತೋರಿಸಿ, ಅಚ್ಚಾದದ್ದಕ್ಕಿಂತ ಹೆಚ್ಚು ಸಾಕ್ಷಿ ಏನು ಬೇಕು ಎಂದು ಕೇಳುತ್ತಿದ್ದರು. ಅವಳು ಇನ್ನೂ ಬಲಗಡೆಯ ಕೊನೆಯವನನ್ನು ಬಿಟ್ಟುಕೊಟ್ಟಿರಲಿಲ್ಲ.

ಕೆಲವು ವಾರ ಕಳೆದು ಹೆಡ್‌ಮಾಸ್ಟರ ಫೋನ್ ಬಂತು. ಲೇಖನ ಅವರ ಸ್ನೇಹಿತರೊಬ್ಬರಿಗೆ ಹಿಡಿಸಿದೆ, ಅವರ ಪತ್ರಿಕೆಯಲ್ಲಿ ಮತ್ತೆ ಹಾಕುತ್ತಾರೆ, ತಿದ್ದುಪಡಿ ಇದ್ದರೆ ಮಾಡಿ ಕಳಿಸಿ ಎಂದರು. ನಾನು ಒಂದು ಸಂಜೆ ಕೂತೆ. ಭಾವನ ವಾಕ್ಯಕ್ಕೆ ಪೆನ್ನು ಇಟ್ಟೆ, ತೆಗೆದೆ. ಅದನ್ನು ಮುಟ್ಟುವ ಧೈರ್ಯ ಬರಲಿಲ್ಲ. ಒಳಗೆ ಹೋದ ಕೆನ್ನೆಯ ಆ ಪ್ಯಾರಾವನ್ನಾದರೂ ತೆಗೆದುಹಾಕಿದರೆ ಅರ್ಧದಷ್ಟು ಪ್ರಾಮಾಣಿಕಳಾಗುತ್ತೇನೆ ಎಂದುಕೊಂಡು ಅದನ್ನು ಹೊಡೆದು ಹಾಕಿ ಕಳಿಸಿದೆ.

ಮರುದಿನವೇ ಹೆಡ್‌ಮಾಸ್ಟರು ಮತ್ತೆ ಫೋನ್ ಮಾಡಿದರು. ದನಿಯಲ್ಲಿ ನೋವಿತ್ತು. "ಇಡೀ ಲೇಖನದ ಜೀವಾಳವೇ ಅದಲ್ಲವೇ ಮೇಡಂ? ಅಷ್ಟು ಸೂಕ್ಷ್ಮವಾಗಿ ಗುರುತಿಸಿದ್ದೀರಿ. ನಾನು ಅದನ್ನು ಹಾಗೇ ವಾಪಸು ಸೇರಿಸಿ ಕಳಿಸಿದ್ದೇನೆ. ತಪ್ಪು ತಿಳಿಯಬೇಡಿ."

ತಪ್ಪು ತಿಳಿಯುವುದಿಲ್ಲ ಎಂದೆ. ಲೇಖನ ಹಾಗೆಯೇ ಅಚ್ಚಾಯಿತು.

ಭಾವ ರಜೆ ಮುಗಿಸಿ ವಾಪಸು ಹೋಗಿದ್ದಾರೆ. ಈಗ ಅಲ್ಲೇ ಬೇರೊಂದು ಚಿತ್ರದವರಿಗೆ ಊಟ ಮಾಡಿಸುತ್ತಿದ್ದಾರೆ. ಯಾವ ಕತೆ, ಯಾರು ಯಾರು ಮಾಡುತ್ತಿದ್ದಾರೆ ಎಂದು ಫೋನಿನಲ್ಲಿ ಆಸೆಯಿಂದ ಕೇಳಿದೆ. ಅದೆಲ್ಲ ಗೊತ್ತಿಲ್ಲ, ಇನ್ನೂರು ಜನ ಇದ್ದಾರೆ, ಅದರಲ್ಲಿ ನಲವತ್ತು ಜನಕ್ಕೆ ನೀರುಳ್ಳಿ ಆಗುವುದಿಲ್ಲ ಎಂದರು.